ಅಂಜನಾಳ ಮದುವೆ ಫೋಟೋ

“ಯಮ್ಮಾ, ಕೈ ತಗೀರಿ! ಅದನ್ನ ಮುಟ್ಟಂಗಿಲ್ಲ!”

ಕಾವಲಿನವನು ಕೂಗಿದರೂ ಸಂಗವ್ವ ಕೈ ತೆಗೆಯಲಿಲ್ಲ. ಗೋಡೆಯ ಮೇಲಿನ ಆಳೆತ್ತರದ ಫೋಟೋದಲ್ಲಿ ಕೂತವಳು ಅವಳ ತಂಗಿ ಅಂಜನಾ. ಮೂವತ್ತು ವರ್ಷದ ಮೇಲೆ ಈಗ ಕಣ್ಣಿಗೆ ಬಿದ್ದಿದ್ದಳು.

“ನನ್ನ ತಂಗೀನ್ನ ಮುಟ್ಟಾಕ ನಿನ್ನ ಕೇಳಬೇಕೇನೋ?”

ಗದ್ದಲ ಕೇಳಿ ಶುಭದಾ ಬಂದಳು. ಇಳಕಲ್ಲಿನ ಅಹ್ಮದಸಾಬರ ಸ್ಟುಡಿಯೋದ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಸಿ, ಬಾಗಲಕೋಟೆಯ ಈ ಖಾಲಿ ಗೋದಾಮಿನಲ್ಲಿ ಪ್ರದರ್ಶನಕ್ಕಿಟ್ಟ ಕಲಾವಿದೆ ಅವಳು. ಈ ಫೋಟೋಕ್ಕೆ ‘ಮದುಮಗಳು’ ಎಂದು ಹೆಸರಿಟ್ಟವಳೂ ಅವಳೇ.

“ಅಹ್ಮದಸಾಬರು ಇದೊಂದ ಬ್ಯಾಡ ಅಂದಿದ್ರು. ಎಷ್ಟ ಚಂದ ಅದ ಅಂತ ನಾನ ಹಟಾ ಮಾಡಿ ತಂದೆ,” ಎಂದಳು.

ಚೆಂದವೇ ಇತ್ತು. ಹೊಸ ಸೀರೆ, ಮೊಣಕೈತನಕ ಹಸಿರು ಬಳೆ, ಹೆರಳು ಕಾಣದಷ್ಟು ಮಲ್ಲಿಗೆ, ತುಂಬಿದ ಉಡಿ. ಗೋಡೆಗೆ ಒರಗಿ, ಎದುರಿನವರನ್ನೇ ನೋಡುತ್ತ ಕೂತಿದ್ದಳು.

“ಬಾಜೂಕ ಗಂಡನ್ನ ಯಾಕ ಕೂಡಿಸಿಲ್ಲೋ?” ಎಂದಳು ಶುಭದಾ.

“ಓಡಿಸ್ಕೊಂಡ ಹೋದಾವ. ಫೋಟೋಕ್ಕ ಕುಂತಿದ್ರ ನಮ್ಮಪ್ಪನ ಕೈಗೆ ಸಿಗತಿದ್ದ,” ಎಂದು ಸಂಗವ್ವ ನಕ್ಕಳು.

ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಓಡಿಹೋದ ತಿಂಗಳಿಗೆ, ಮಣ್ಣೆತ್ತಿನ ಅಮಾವಾಸ್ಯೆಯ ಸಂಜೆ, ಅಂಜನಾ ಗುಳೇದಗುಡ್ಡದ ತವರಿನ ಬಾಗಿಲಿಗೆ ಬಂದು ನಿಂತಿದ್ದಳು. “ಅಕ್ಕಾ, ನನಗ ಆರಾಮಿಲ್ಲ, ಬಾಗಲಾ ತಗಿ” ಎಂದಿದ್ದಳು. ಒಳಗಿನಿಂದ ಗದರಿದ್ದು ಅಪ್ಪ. ಅಗಳಿ ಹಾಕಿದ್ದು ಸಂಗವ್ವನ ಕೈ. ಅಂದಿನಿಂದ ಉಂಡ ಅನ್ನ ಅವಳ ಮೈಗೆ ಹತ್ತಿರಲಿಲ್ಲ.

ಶುಭದಾ ಮೂಲ ಫೋಟೋ ತಂದು ಹಿಂಬದಿ ಓದಿದಳು. “ಹೆಸರಿಲ್ರಿ. ಮೂವತ್ತ ವರ್ಷದ ಹಿಂದಿನ ಇಸವಿ, ‘ಮಣ್ಣೆತ್ತಿನ ಅಮಾಸಿ ಮರುದಿನ’ ಅಂತಷ್ಟ ಬರದಾರ.”

ಮರುದಿನವೇ! ಹಾಗಾದರೆ ಆರಾಮಿಲ್ಲ ಎಂದದ್ದು ಒಳಗೆ ಬರಲಿಕ್ಕೆ ಹೂಡಿದ ನೆಪ. ಇಲ್ಲಿ ಬಾಗಿಲು ಹಾಕಿದರೆ, ಹೋಗಿ ತಾಳಿ ಕಟ್ಟಿಸಿಕೊಂಡಿದ್ದಾಳೆ ಹುಡುಗಿ. ಆಷಾಢ ಹತ್ತಿದ ದಿನ ಯಾರೂ ಲಗ್ನ ಮಾಡುವುದಿಲ್ಲ, ಖರೆ. ಓಡಿಹೋದವರಿಗೆ ಎಂಥ ಮುಹೂರ್ತ? ಸಂಗವ್ವನ ಎದೆಯ ಮೇಲಿನ ಕಲ್ಲು ಸರಿದಂತಾಯಿತು.

ಆವತ್ತೇ ಶುಭದಾಳನ್ನು ಕರೆದುಕೊಂಡು ಇಳಕಲ್ಲಿಗೆ ಹೋದಳು. ಅಹ್ಮದಸಾಬರು ಸ್ಟುಡಿಯೋದ ಬಾಗಿಲಲ್ಲೇ ಕೂತಿದ್ದರು.

“ಆ ಫೋಟೋದಾಕಿ ಅಕ್ಕ ನಾ,” ಎಂದಳು ಸಂಗವ್ವ.

ಮುದುಕರು ಶುಭದಾಳ ಕಡೆ ನೋಡಿದರು. “ಬ್ಯಾಡ ಅಂದಿದ್ನೆಲ್ಲವಾ, ಮಗಳ.”

“ಗಂಡ ಚಲೋ ನೋಡ್ಕೊಂಡಿದ್ನೇನ್ರಿ?” ಸಂಗವ್ವ ಬಿಡಲಿಲ್ಲ.

“ಭಾಳ. ಅಷ್ಟೂ ಹೂವ ತಾನ ಮುಡಿಸಿದ. ಬಳಿ ಓಣಿ ಹೆಣ್ಮಕ್ಕಳು ಇಡಿಸಿದ್ರು.”

“ನನ್ನ ಹೆಸರ ತಗದಿದ್ಲೇನ್ರಿ?”

ಅಹ್ಮದಸಾಬರು ಕನ್ನಡಕ ತೆಗೆದು ಒರೆಸತೊಡಗಿದರು.

“ಸಿಟ್ಟಿದ್ರ ಇರಲ್ರಿ. ಮನಿ ತೋರಸ್ರಿ ಸಾಕು. ಕಾಲ ಹಿಡಕೊಂಡ ತಪ್ಪಾತು ಅಂತೇನಿ.”

ಮುದುಕರು ಎದ್ದು ತಮ್ಮ ಕುರ್ಚಿಯನ್ನು ಅವಳ ಕಡೆಗೆ ಸರಿಸಿದರು. “ಮೊದಲ ಕುಂದರವಾ.”

ಅವಳು ಕೂತಳು.

“ಅಕಿನ್ನ ಮಣ್ಣಿಗೆ ಒಯ್ಯೂಕಿಂತ ಮೊದಲ ಸಿಂಗಾರ ಮಾಡಿ ಕುಂದ್ರಿಸಿದ್ರು, ಯವ್ವಾ. ಕಣ್ಣ ಮುಚ್ಚಿದ್ದುವು, ತೆರದ ಕಣ್ಣ ಆಮ್ಯಾಲೆ ಫೋಟೋದ ಮ್ಯಾಲ ನಾ ಬ್ರಶ್ಶಿಲೆ ಬರದೆ.”