ಅಪ್ಪ ನಾಲ್ಕು ಸಲ ಬರೆದ ಪುಟ

ಮೊಮ್ಮಕ್ಕಳೇ, ಇಂದು ನಿಮ್ಮ ಪುಸ್ತಕಕ್ಕೆ ರಟ್ಟು ಹಚ್ಚುವಾಗ ಮೈದಾ ಅಂಟಿನ ವಾಸನೆಗೆ ಮುನಿರಾಬಾದಿನ ಒಂದು ಮಧ್ಯಾಹ್ನ ನೆನಪಾಯಿತು. ಕಲ್ಲು ಹೇಗೆ ಬೀಳುತ್ತದೆಂದು ಹಿಂದಿನ ಕಾಲದ ವಿಜ್ಞಾನಿಯೊಬ್ಬ ಬರೆದಿದ್ದ ಗ್ರಂಥವನ್ನು ನನ್ನ ಅಪ್ಪ ಹಳ್ಳಿ ಮಕ್ಕಳಿಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದರು. ಪ್ರತಿ ಪುಟವನ್ನೂ ನನ್ನಿಂದ ಓದಿಸಿ, ನನಗೆ ತಿಳಿಯದ ಸಾಲಿನ ಮೇಲೆ ಚೀಟಿ ಅಂಟಿಸಿ ಹೊಸದಾಗಿ ಬರೆಯುತ್ತಿದ್ದರು. ಅಂದಿನ ಪುಟ ಚೀಟಿಯ ಮೇಲೆ ಚೀಟಿ ಕೂತು ರೊಟ್ಟಿಯಷ್ಟು ದಪ್ಪವಾಗಿತ್ತು.

“ಕಲ್ಲು ಬೀಳೋದು ಎಲ್ಲಾರಿಗೂ ಗೊತ್ತೈತಿ. ಅದಕ್ಯಾಕೋ ಪುಸ್ತಕ?” ಎಂದು ನನ್ನ ಅಜ್ಜಿ, ಅಪ್ಪನ ತಾಯಿ, ನಕ್ಕಳು.

ಅಪ್ಪ ನಗದೆ ನನ್ನ ಕಡೆ ತಿರುಗಿದರು. “ಈಗರ ತಿಳೀತೇನವ್ವಾ? ತಿಳೀದಿದ್ರ ತಪ್ಪು ನಂದು, ನಿಂದಲ್ಲ” ಎಂದರು.

ಅಂಟು ಒಣಗಿ ಅವರ ಬೆರಳುಗಳು ಬಿರಿದಿದ್ದವು. ನಾಲ್ಕನೇ ಸಲ ಓದಿದರೂ ನನಗೆ ಆ ಪುಟದಲ್ಲಿ ಏನೂ ತಿಳಿದಿರಲಿಲ್ಲ.

“ತಿಳೀತಪ್ಪಾ” ಎಂದೆ.

ಅಪ್ಪ ಆ ಪುಟವನ್ನು ಅಚ್ಚಿಗೆ ಹೋಗುವ ಕಟ್ಟಿಗೆ ಸೇರಿಸಿ ದಾರ ಬಿಗಿದರು.