ನೀಲವ್ವನ ಬಾವಿಯ ನೀರು

ಮೂರು ವರ್ಷ ಮಳೆ ಕೈಕೊಟ್ಟು ಊರಿನ ಬಾವಿಗಳೆಲ್ಲ ಬತ್ತಿದ್ದವು. ನೀಲವ್ವನ ಬಾವಿಯಲ್ಲಿ ಮಾತ್ರ ಗೇಣುದ್ದ ನೀರು ಇದ್ದೇ ಇರುತ್ತಿತ್ತು. ತಿಂಗಳಿಗೊಮ್ಮೆ ಅಂತರ್ಜಲ ಅಳೆಯಲು ಬರುವ ಅಧಿಕಾರಿಗೆ ಅನುಮಾನ ಬಂತು.

“ಖರೇ ಹೇಳ್ರಿ ಅವ್ವಾ, ಇದಕ್ಕ ನೀರು ತಂದು ಸುರೀತೀರೇನು?”

“ಹೂನ್ರಿ. ಟ್ಯಾಂಕರ್ ಬಂದಾಗ ನನ್ನ ಪಾಲಿಗೆ ನಾಕು ಕೊಡ ಸಿಗತಾವ. ಎರಡು ಇದರಾಗ ಸುರೀತೀನಿ.”

“ಈ ಬಾವ್ಯಾಗ ನೀರೈತಿ ಅಂತ ನಾ ಬರದ್ರ ಊರಿಗೆ ಟ್ಯಾಂಕರ್ ಬಂದ್ ಆಗತೈತಿ. ಯಾರು ಹೇಳಿಕೊಟ್ರು ನಿಮಗ ಇದನ್ನ?”

“ಯಾರೂ ಇಲ್ರಿ.”

ಅಧಿಕಾರಿ ನಂಬಲಿಲ್ಲ. ನೀಲವ್ವ ಸೆರಗಿನ ಗಂಟು ಬಿಚ್ಚಿ, ರೊಟ್ಟಿಯ ಚೂರೊಂದನ್ನು ಬಾವಿಗೆ ಎಸೆದಳು. ಕೆಳಗೆ ನೀರು ಅಲುಗಿ, ಮೊರದಗಲದ ಮುದಿ ಆಮೆಯೊಂದು ಕತ್ತು ಹೊರಚಾಚಿತು.