ಗಾಳಿ ತಾಗಬಾರದ ಜಾಡಿ

ಶಶಿರೇಖಾಗೆ ಲ್ಯಾಬಿನಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಣೆಯ ಚರ್ಮದ ರಂಧ್ರಗಳ ಆಳದಲ್ಲಿ ಬದುಕುವ, ಆಮ್ಲಜನಕ ತಾಗಿದರೆ ಬೆಳೆಯದ ಬ್ಯಾಕ್ಟೀರಿಯಾವನ್ನು ಅವಳು ಗಾಜಿನ ತಟ್ಟೆಗಳಿಗೆ ಹಾಕಿ, ಗಾಳಿಯಾಡದ ಜಾಡಿಯಲ್ಲಿ ಮುಚ್ಚಿಟ್ಟಿದ್ದಳು. ಬೆಳೆಯಲು ಏಳು ದಿನ ಬೇಕು. ಆಮೇಲೆ ಅವುಗಳ ಮೇಲೆ ನೀಲಿ ಬೆಳಕು ಹಾಯಿಸಿ ಎಷ್ಟು ಉಳಿಯುತ್ತವೆಂದು ನೋಡಬೇಕು. ಈ ಸಲ ಪ್ರಾಜೆಕ್ಟ್ ಕೆಟ್ಟರೆ ಎಂ.ಎಸ್ಸಿ. ಮುಗಿಯುವುದು ಮುಂದಿನ ವರ್ಷವೇ.

ಪಕ್ಕದ ಮೇಜಿನ ಕಲ್ಮೇಶನ ತಟ್ಟೆಗಳು ಹೋದ ವಾರವಷ್ಟೇ ಹಾಳಾಗಿದ್ದವು. ತನ್ನ ತಟ್ಟೆಗಳನ್ನು ಕದ್ದು ಅವನವೆಂದು ತೋರಿಸಿಬಿಡುತ್ತಾನೆ ಎಂಬುದು ಅವಳ ಅನುಮಾನ.

"ನನ್ನ ಜಾಡಿ ಕಡೆ ಏನ್ ನೋಡ್ತಿ?"

"ಗಡಿಯಾರ ಅದರ ಮ್ಯಾಲೇ ಐತಲ್ಲಕ್ಕಾ. ಟೈಮ್ ನೋಡೂದೂ ಬಿಡ್ಲೇನು?"

"ಒಂದ ಪ್ಲೇಟ್ ಕಡಿಮಿ ಆದ್ರೂ ನಿನ್ನ ಹೆಸರ ಹೇಳ್ತೀನಿ."

"ಹೇಳು. ನನ್ನ ಹೆಸರರೆ ಒಂದ್ ಕಡೆ ಬರ್ಲಿ."

ಎಂಟನೆಯ ದಿನ ಇಬ್ಬರ ಎದುರಿಗೇ ಗೈಡ್ ಹೊಸಮನಿ ಮೇಡಂ ಜಾಡಿಯನ್ನು ಪರೀಕ್ಷಿಸಿದರು. ಒಂದು ತಟ್ಟೆಯಲ್ಲೂ ಏನೂ ಬೆಳೆದಿರಲಿಲ್ಲ.

"ಇವನ ತೆಗದಾನ್ರಿ ಮೇಡಂ," ಎಂದಳು ಶಶಿರೇಖಾ.

"ನಾ ಮುಟ್ಟೇ ಇಲ್ರಿ," ಎಂದ ಕಲ್ಮೇಶ.

ಮೇಡಂ ಮುಚ್ಚಳವನ್ನು ತಿರುಗಿಸಿ ನೋಡಿದರು. "ಗಾಳಿ ಅಂತೂ ಒಳಗ ಹೋಗೇತಿ. ಆದ್ರ ಇಲ್ಲಿ ಟೇಪ್ ಮ್ಯಾಲೆ ನಿನ್ನ ಸಹಿ ಐತಲ್ಲ, ಶಶಿರೇಖಾ. ನಾ ಬಿಚ್ಚೂತನಾ ಹರದಿದ್ದಿಲ್ಲ."

"ಅದು ನಿನ್ನೆ ಹಚ್ಚಿದ ಟೇಪ್ ರೀ. ಒಂದಾದ್ರೂ ಕಳುವಾಗೇತೇನಂತ ನಾನ ದಿನಾ ಸಂಜೀಕ ಮುಚ್ಚಳ ತಗದು ಎಣಸ್ತಿದ್ನಿ."

ಹದಿನೆಂಟು ತಟ್ಟೆಗಳು ಹೋದವು, ಜೊತೆಗೆ ಒಂದು ವರ್ಷ.